ಯಾರಿಂದ ಬಂತು ಎಂದು ಕೇಳಬೇಡಿ

ಮುಟ್ಟು ನಿಂತ ಮೇಲೆ ಕೈಗೆ ಬಂದ ಎಚ್‌ಪಿವಿ ವೈರಸ್ ಪಾಸಿಟಿವ್ ಎಂಬ ರಿಪೋರ್ಟ್‌ಗಿಂತ, ಅದನ್ನು ನೋಡಿದ ಡಾಕ್ಟರು ಆಡಿದ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ತುಂಬ ಜನ. ಆತ ನಮ್ಮ ಯಜಮಾನರ ಕಡೆ ತಿರುಗಿ, "ನಿಮ್ಮಿಬ್ಬರಲ್ಲಿ ಯಾರಿಗೆ ಹೊರಗೆ ಸಂಬಂಧ ಇದೆ?" ಎಂದರು. ಹೊರಗಿನ ಮಾತುಕತೆ ಗಪ್ಪನೆ ನಿಂತಿತು. ಇವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನಗೆ ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಆ ರಾತ್ರಿ ಇವರು ಪಡಸಾಲೆಯಲ್ಲಿ ಮಲಗಿದರು. ಮಕ್ಕಳ ಮದುವೆ ಮಾಡಿ ಮುಗಿಸಿದ ಗಂಡ ಹೆಂಡತಿ, ಒಬ್ಬರ ಮುಖ ಒಬ್ಬರು ನೋಡಲಾರದೆ ಹೋದೆವು. ನಾದಿನಿ ಬೇರೆ, "ಈ ವಯಸ್ಸಲ್ಲಿ ಈ ಟೆಸ್ಟೆಲ್ಲ ಯಾಕೆ ಬೇಕಿತ್ತು ಅತ್ತಿಗೆ?" ಎಂದಳು.

ನಿಜ ಸಂಗತಿ ತಿಳಿದದ್ದು ಇನ್ನೊಬ್ಬ ಡಾಕ್ಟರಮ್ಮನಿಂದ. ಈ ವೈರಸ್ ಬಹುಪಾಲು ಜನರಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಅಡಗುತ್ತದೆ. ಹಾಗೆ ಅಡಗಿದ್ದು ಎಷ್ಟೋ ವರ್ಷದ ಮೇಲೆ, ಮುಟ್ಟು ನಿಲ್ಲುವ ಹೊತ್ತಿಗೆ ಮತ್ತೆ ತಲೆ ಎತ್ತಬಹುದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಇವರನ್ನೂ ಕೂರಿಸಿಕೊಂಡು ಆಕೆ ಇದನ್ನು ಹೇಳಿದ ಮೇಲೆಯೇ ನಮ್ಮ ಮನೆಯಲ್ಲಿ ಮಾತು ಮರಳಿತು.

ನನಗೆ ತಗಲಿದ್ದು ಈ ವೈರಸ್ಸಿನ 16ನೇ ಬಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ 16 ಮತ್ತು 18 ಇವೆರಡೇ ಕಾರಣ. ಆ ಬಾಯನ್ನು ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೋಪಿಗೆ ಮಲಗಿದಾಗ ಒಣಗಿದ ಮೈಗೆ ಉಪಕರಣ ತಾಗಿ ಜೀವ ಹೋದಂತಾಯಿತು. ನೋಡಬೇಕಾದ ಜಾಗ ಒಳಗೆ ಸರಿದಿತ್ತು. ಈ ವಯಸ್ಸಿನಲ್ಲಿ ಅದು ಸಹಜವಂತೆ. ಕೆಲವು ವಾರ ಈಸ್ಟ್ರೊಜೆನ್ ಕ್ರೀಮ್ ಹಚ್ಚಿಕೊಂಡು ಹೋದ ಮೇಲೆ ನೋವು ಕಡಿಮೆಯಾಗಿ, ಅಲ್ಲೊಂದು ಬಿಳಿ ಮಚ್ಚೆ ಸರಿಯಾಗಿ ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಹಂತ ಎಂದು ಬಂತು. ವಿದ್ಯುತ್ ಹರಿಯುವ ಸಣ್ಣ ತಂತಿಯ ಕುಣಿಕೆಯಿಂದ ಅಷ್ಟು ಭಾಗ ಕತ್ತರಿಸಿ ತೆಗೆದರು.

ನನ್ನ ವಯಸ್ಸಿನವರಿಗೆ ಹೇಳುವುದಿಷ್ಟು. ಮುಟ್ಟು ನಿಂತಿತೆಂದು ತಪಾಸಣೆ ನಿಲ್ಲಿಸಬೇಡಿ. ಸರ್ಕಾರದ ತಪಾಸಣೆ ಕಾರ್ಯಕ್ರಮವೇ 30ರಿಂದ 65ರವರೆಗಿನ ಹೆಂಗಸರಿಗಿದೆ. ಪರೀಕ್ಷೆಯಲ್ಲಿ ನೋವಾದರೆ ಹಲ್ಲು ಕಚ್ಚಿಕೊಂಡು ಮಲಗಬೇಡಿ, ಆ ಕ್ರೀಮ್ ನನಗೂ ಆಗುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಿ. ಚಿಕಿತ್ಸೆ ಆಯಿತೆಂದು ಫೈಲನ್ನು ಅಟ್ಟಕ್ಕೆ ಹಾಕಬೇಡಿ. ವೈರಸ್ ಮತ್ತೆ ಕಾಣಿಸಿಕೊಳ್ಳಬಹುದು. ಹೇಳಿದ ತಾರೀಖಿಗೆ ಹೋಗಿ ಟೆಸ್ಟ್ ಮಾಡಿಸಿ.