ಮರುಲ ಮರ ಮತ್ತು ಅದರ ಉಪಯೋಗಗಳು

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಮರುಲ ಎಂಬ ಹಣ್ಣಿನ ಮರವೊಂದುಂಟು. ಇದು ಮಾವು, ಗೇರುಗಳ ಕುಟುಂಬಕ್ಕೆ ಸೇರಿದ್ದು. ನಮೀಬಿಯಾ ದೇಶದ ಉತ್ತರದಲ್ಲಿ ಆವಾಂಬೊ ಜನರು ಕಾಡನ್ನು ಕಡಿದು ಹೊಲ ಮಾಡುವಾಗ ಈ ಮರವನ್ನು ಉಳಿಸಿಕೊಂಡು, ಅದರ ಸುತ್ತಲೂ ಸಜ್ಜೆಯನ್ನು ಬಿತ್ತುವ ವಾಡಿಕೆಯಿದೆ.

ಜನವರಿಯಿಂದ ಮಾರ್ಚಿಯವರೆಗೆ ಕಾಯಿಗಳು ಹಸುರಾಗಿರುವಾಗಲೇ ಉದುರಿ, ನೆಲದ ಮೇಲೆಯೇ ಹಳದಿಯಾಗಿ ಹಣ್ಣಾಗುವುವು; ಮರ ಹತ್ತುವ ಶ್ರಮವಿಲ್ಲ. ಹೆಂಗಸರು ದನದ ಕೊಂಬಿನಿಂದ ಮಾಡಿದ ಸಲಕರಣೆಯಿಂದ ಹಣ್ಣನ್ನು ಚುಚ್ಚಿ ರಸ ಹಿಂಡಿ, 2ರಿಂದ 6 ದಿವಸಗಳವರೆಗೆ ಹುಳಿಯಲು ಇಡುವರು. ಒಮಾಗೊಂಗೊ ಎಂಬ ಈ ಪಾನೀಯದ ಹಬ್ಬವನ್ನು ಎಂಟು ಸಮುದಾಯಗಳವರು ಕೂಡಿ ನಡೆಸುತ್ತಾರೆ. 2015ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರಸಕ್ಕಿಂತಲೂ ಬೆಲೆಯುಳ್ಳದ್ದು ಓಟೆ ಎಂದರೆ ತಪ್ಪಾಗಲಾರದು. ರಸವು ಕೆಲವೇ ದಿನಗಳ ಭೋಗ. ಓಟೆಯನ್ನಾದರೋ ಒಣಗಿಸಿ ಕೂಡಿಟ್ಟು, ಬಿಡುವಾದಾಗ ಒಡೆಯಬಹುದು. ಒಳಗೆ ಎರಡು ಮೂರು ತಿರುಳುಗಳಿದ್ದು, ಅವುಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುವುದು. ಬೇಗನೆ ಕಮಟು ಹಿಡಿಯದ ಈ ಎಣ್ಣೆಯು ಅಡಿಗೆಗೂ ಮೈಗೆ ಹಚ್ಚಿಕೊಳ್ಳುವುದಕ್ಕೂ ಒದಗುವುದು. ಆದರೆ ಓಟೆಯು ಅತಿ ಗಟ್ಟಿ. ತಿರುಳನ್ನು ಮುರಿಯದೆ ಬಿಡಿಸುವುದು ಕೈಪಳಗಿದವರ ಕೆಲಸ. ಮರದ ತೊಗಟೆಯ ಕಷಾಯವನ್ನು ಭೇದಿಗೆ ಕೊಡುವರು.

ತಾಳೆಯಲ್ಲಿರುವಂತೆ ಮರುಲದಲ್ಲಿಯೂ ಗಂಡುಮರ, ಹೆಣ್ಣುಮರಗಳು ಬೇರೆ ಬೇರೆ. ಗಂಡುಮರವು ಹೂ ಬಿಡುವುದೇ ಹೊರತು ಹಣ್ಣು ಕೊಡದು. ಆದಕಾರಣ ಹೊಲದ ಒಡೆಯರು ಅದು ವೃಥಾ ನೆರಳು ಬೀಳಿಸುವುದೆಂದು ಬಗೆದು, ಕಡಿದು ಒರಳು, ಬಟ್ಟಲು, ಡೋಲುಗಳಿಗೆ ಬಳಸುವರು. ಅದರ ಮರವು ಹಗುರವಾಗಿ, ಕೆತ್ತನೆಗೆ ಸುಲಭವಾಗಿರುವುದೂ ಇದಕ್ಕೆ ಕಾರಣ. ಈ ರೀತಿ ಅನೇಕ ಹೊಲಗಳಲ್ಲಿ ಹೆಣ್ಣುಮರಗಳೇ ಹೆಚ್ಚಾಗಿವೆ. ಗಂಡುಹೂವಿನ ಪರಾಗವನ್ನು ಜೇನುಹುಳು ಮೊದಲಾದವು ತಂದು ಮುಟ್ಟಿಸದಿದ್ದರೆ ಹೆಣ್ಣುಮರವು ಕಾಯಿ ಕಚ್ಚಲಾರದು. ಒಬ್ಬನು ತನ್ನ ಗಂಡುಮರವನ್ನು ಕಡಿದರೆ ನೆರೆಯವನ ಮರದಿಂದ ಕೆಲಸ ನಡೆದೀತು. ಎಲ್ಲರೂ ಕಡಿದರೆ ಊರಿಗೇ ನಷ್ಟ. ಹಸಿಮರ ಕಡಿಯುವುದಕ್ಕೆ ಊರ ಮುಖ್ಯಸ್ಥನ ಅಪ್ಪಣೆ ಬೇಕೆಂದು ಹಲವು ಕಡೆ ಇರುವ ಕಟ್ಟುಪಾಡು ಗಂಡುಮರಕ್ಕೂ ಅನ್ವಯಿಸುವುದು ಯುಕ್ತ.

ಬೀಜದಿಂದೆದ್ದ ಸಸಿಯು ಗಂಡೋ ಹೆಣ್ಣೋ ಎಂಬುದು ಹೂ ಬಿಡುವ ತನಕ ತಿಳಿಯದು. ತೋಳಿನಷ್ಟು ದಪ್ಪವಾಗಿ ಆಳೆತ್ತರವಿರುವ ಕೊಂಬೆಯನ್ನು ಗೊತ್ತಾದ ಮರದಿಂದ ಕಡಿದು, ಮಳೆಗಾಲಕ್ಕೆ ಮುಂಚೆ ನೆಟ್ಟರೆ ಬೇರು ಬಿಡುವುದು. ಬೇಲಿಗೂ ಹೀಗೆಯೇ ನೆಡುವರು. ಗಂಡುಕೊಂಬೆಗಳನ್ನು ಬೇಲಿಯ ಸಾಲಿನಲ್ಲಿಯೇ ನೆಟ್ಟರೆ ನೆರಳಿನಿಂದ ಬೆಳೆಗೆ ಆಗುವ ತೊಂದರೆ ಕಡಮೆಯಾಗಿ, ಪರಾಗಕ್ಕೂ ಕೊರತೆಯಾಗದು.