ಸೆರೆಮನೆಯ ಹೆಣ್ಣುಮಗಳ ಕೋಪ



ಗಂಡ ಜೈಲಿಗೆ ಹೋದರೆ ಹೆಂಡತಿ ಸಾಲ ಮಾಡಿಯಾದರೂ ನೋಡಲು ಹೋಗುತ್ತಾಳೆ. ಹೆಂಡತಿ ಜೈಲಿಗೆ ಹೋದರೆ? ಎಷ್ಟೋ ಮನೆಗಳಲ್ಲಿ ಅವಳ ಹೆಸರನ್ನೇ ಎತ್ತುವುದಿಲ್ಲ. ಭಾರತದ ಬಂದಿಗಳಲ್ಲಿ ಮಹಿಳೆಯರು ನೂರಕ್ಕೆ ಸುಮಾರು ನಾಲ್ವರು ಮಾತ್ರ. ಅವರಿಗಾಗಿಯೇ ಇರುವ ಜೈಲುಗಳೂ ಕಡಿಮೆ. ಶೀಳನೆರೆ ಕಡೆಯ ಹೆಣ್ಣುಮಗಳೊಬ್ಬಳು ಮೈಸೂರಿನ ಕೇಂದ್ರ ಕಾರಾಗೃಹದಲ್ಲಿದ್ದರೆ, ನೋಡಿ ಬರಲು ಮನೆಯವರು ಒಂದು ದಿನದ ಕೂಲಿ ಬಿಡಬೇಕು.

"ಒಳಗೂ ಜಗಳವಾಡುತ್ತಾಳಂತೆ" ಎಂದು ಜನ ಆಡಿಕೊಳ್ಳುತ್ತಾರೆ. ಆ ಕೋಪ ಎಲ್ಲಿಂದ ಬಂತು?

ಕೋಪದ ಬೇರು

ಕೋಪ ಹುಟ್ಟುವುದು ತಿರಸ್ಕಾರದಿಂದ, 'ನನ್ನನ್ನು ಕೇವಲವಾಗಿ ಕಂಡರು' ಎಂಬ ನೋವಿನಿಂದ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದ್ದಾರೆ. ಅತ್ತಾಗ ಎತ್ತಿಕೊಳ್ಳುವವರಿದ್ದರೆ ಮಗು ತನ್ನ ಸಿಟ್ಟನ್ನು ಗುರುತಿಸಲು, ತಣಿಸಿಕೊಳ್ಳಲು ಕಲಿಯುತ್ತದೆ. ಕುಡಿತ, ಹೊಡೆತಗಳ ನಡುವೆ ಬೆಳೆದ ಹುಡುಗಿ ಅನೇಕ ವೇಳೆ ಎರಡನ್ನೇ ಕಲಿಯುತ್ತಾಳೆ: ನುಂಗುವುದು, ಇಲ್ಲವೇ ಎಗರುವುದು. ಹೀಗೆ ನೊಂದವರೆಲ್ಲ ಅಪರಾಧ ಮಾಡುವುದಿಲ್ಲ. ನೋವು ತಪ್ಪನ್ನು ಸರಿ ಮಾಡುವುದೂ ಇಲ್ಲ. ಆದರೆ ಬೇರು ತಿಳಿಯದೆ ಮದ್ದು ಸಿಗದು.

ಗೋಡೆಯೊಳಗೆ

ಅಲ್ಲಿ ನೀರಿನ ಸರದಿ, ಮಲಗುವ ಜಾಗ, ಮನೆಯ ಬಗ್ಗೆ ಒಂದು ಚುಚ್ಚುಮಾತು, ಇಷ್ಟೇ ಜಗಳಕ್ಕೆ ಸಾಕು. ಹೆಂಗಸರ ಸಿಟ್ಟು ಕೈಗಿಂತ ಹೆಚ್ಚಾಗಿ ಬೈಗುಳ, ಚಾಡಿ, ಗುಂಪಿನಿಂದ ದೂರವಿಡುವುದರಲ್ಲಿ ಹೊರಬರುತ್ತದೆ. ಕೆಲವೊಮ್ಮೆ ತಮ್ಮ ಮೈಯ ಮೇಲೇ ತಿರುಗುತ್ತದೆ. ಹಾಗೆಯೇ ಅಲ್ಲಿ 'ಅಕ್ಕ', 'ಅಮ್ಮ' ಎಂಬ ಹೊಸ ನಂಟೂ ಬೆಳೆಯುತ್ತದೆ. ಮನಸ್ಸು ಬೆಳೆಯುವುದು ಸೆರೆಯಲ್ಲೂ ನಿಲ್ಲುವುದಿಲ್ಲ.

ಅತಿ ದೊಡ್ಡ ಗಾಯ ಮಕ್ಕಳದ್ದು. 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು ಆರು ವರ್ಷದವರೆಗೆ ತಾಯಿಯೊಡನೆ ಜೈಲಿನಲ್ಲಿರಬಹುದು, ಆಮೇಲೆ ಅಗಲಬೇಕು. ಆ ದಿನಗಳಲ್ಲಿ ತಾಯಿ ಯಾರ ಮೇಲಾದರೂ ರೇಗಿದರೆ ಅದು ಬರೀ ದುಷ್ಟತನವೇ?

ಮದ್ದು

ತಿರಸ್ಕಾರ ಬೇರಾದರೆ ಗೌರವವೇ ಮದ್ದು. 2024ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸರು ರೋಮಿನ ರೆಬಿಬ್ಬಿಯಾ ಮಹಿಳಾ ಸೆರೆಮನೆಗೆ ಹೋಗಿ ಹನ್ನೆರಡು ಮಂದಿ ಬಂದಿ ಸ್ತ್ರೀಯರ ಪಾದ ತೊಳೆದರು. ನಮ್ಮಿಂದ ಆಗುವುದು ಇಷ್ಟು:

1. ನೋಡಲು ಹೋಗಿ, ಆಗದಿದ್ದರೆ ಕಾಗದ ಬರೆಯಿರಿ. ಮಕ್ಕಳನ್ನು ತಾಯಿಗೆ ತೋರಿಸಿ.

2. ವಕೀಲರಿಗೆ ಹಣವಿಲ್ಲವೆಂದು ಕೈಬಿಡಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

3. ಬಿಡುಗಡೆಯಾಗಿ ಬಂದವಳನ್ನು 'ಜೈಲಿಗೆ ಹೋದವಳು' ಎನ್ನಬೇಡಿ. ಹೆಸರಿಟ್ಟು ಕರೆಯಿರಿ, ಕೆಲಸ ಕೊಡಿ.

ಸೆರೆಯಲ್ಲಿದ್ದವರನ್ನು ಕಾಣಲು ಹೋಗುವುದನ್ನು ಧರ್ಮಸಭೆ ದಯಾಕಾರ್ಯಗಳಲ್ಲಿ ಒಂದಾಗಿ ಎಣಿಸಿದೆ. ಅದು ಗುರುಗಳಿಗೂ ಸಿಸ್ಟರುಗಳಿಗೂ ಮಾತ್ರ ಹೇಳಿದ್ದಲ್ಲ.

ಮನೆಯಲ್ಲಿ ಚರ್ಚಿಸಿ: ನಮ್ಮ ಮನೆಯ ಹುಡುಗಿ ತನ್ನ ಸಿಟ್ಟನ್ನು ಹೆದರದೆ ಹೇಳಬಲ್ಲಳೇ? ನಮ್ಮೂರಿನಲ್ಲಿ ನಾವು ಹೆಸರೆತ್ತದೆ ಬಿಟ್ಟ ಹೆಣ್ಣುಮಗಳು ಯಾರು?