ಮನೆಯ ಕ್ಯಾಮೆರಾ ಯಾರ ಕಡೆ ನೋಡಬೇಕು?

ಜೂನ್ ತಿಂಗಳಲ್ಲಿ ಶಾಲೆ ಶುರುವಾಗುತ್ತಿದ್ದಂತೆ ನನಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ‘ಮಗಳು ಮೂರೂವರೆಗೆ ಮನೆಗೆ ಬರುತ್ತಾಳೆ, ನಾವು ಬರುವ ಹೊತ್ತಿಗೆ ಆರೂವರೆ. ಒಂದು ಒಳ್ಳೆಯ ಕ್ಯಾಮೆರಾ ಹೇಳಿ’ ಎನ್ನುತ್ತಾರೆ. ಕ್ಯಾಮೆರಾದ ಮಾತಿಗೆ ಮುಂಚೆ ನಾನೊಂದು ಪ್ರಶ್ನೆ ಕೇಳುತ್ತೇನೆ: ಆ ಮೂರು ಗಂಟೆಯಲ್ಲಿ ನಿಮಗೆ ಏನು ಗೊತ್ತಾಗಬೇಕು? ಮಗಳು ಬಂದು ಬಾಗಿಲು ಹಾಕಿಕೊಂಡಳೇ ಎಂಬುದೇ? ಬೆಲ್ ಮಾಡಿದವರು ಯಾರೆಂಬುದೇ? ಅವಳು ಓದುತ್ತಿದ್ದಾಳೋ ಟಿವಿ ನೋಡುತ್ತಿದ್ದಾಳೋ ಎಂಬುದೇ? ಮೊದಲಿನ ಎರಡಕ್ಕೆ ಕ್ಯಾಮೆರಾ ಚೆನ್ನಾಗಿ ಉತ್ತರ ಕೊಡುತ್ತದೆ. ಮೂರನೆಯದನ್ನು ದಯವಿಟ್ಟು ಮಗಳನ್ನೇ ಕೇಳಿ.

ಹಾಗಾಗಿ ಮಕ್ಕಳಿರುವ ಮನೆಯಲ್ಲಿ ಮೊದಲ ಕ್ಯಾಮೆರಾದ ಜಾಗ ಮುಂಬಾಗಿಲು. ಅದು ಹೊರಗಿನಿಂದ ಬರುವವರನ್ನು ನೋಡಬೇಕು. ನೆಲದಿಂದ ಏಳೆಂಟು ಅಡಿ ಎತ್ತರ ಸಾಕು. ಕೈಗೆ ಸಿಗಬಾರದೆಂದು ಸಜ್ಜೆಯ ತುದಿಗೆ ಏರಿಸಿದರೆ ಬರುವವರ ನೆತ್ತಿ, ಹೆಲ್ಮೆಟ್ಟು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ.

ಅಂಗಡಿಯಲ್ಲಿ ಎಲ್ಲರೂ ಮೆಗಾಪಿಕ್ಸೆಲ್ ಎಷ್ಟೆಂದು ಕೇಳುತ್ತಾರೆ, ಲೆನ್ಸ್ ಎಷ್ಟು ಮಿಲಿಮೀಟರಿನದು ಎಂದು ಕೇಳುವವರು ಕಡಿಮೆ. ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. 2 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 1920 ಚುಕ್ಕೆಗಳಿರುತ್ತವೆ. ಮನೆಗಳಿಗೆ ಸಾಮಾನ್ಯವಾಗಿ ಕೊಡುವ 2.8 ಮಿಲಿಮೀಟರ್ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಅಪರಿಚಿತರ ಮುಖವನ್ನು ಖಚಿತವಾಗಿ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಚುಕ್ಕೆ ಬೇಕೆನ್ನುವುದು ಈ ಕೆಲಸದಲ್ಲಿ ಒಪ್ಪಿಕೊಂಡ ಮಾನದಂಡ. ಪರಿಚಿತರನ್ನು ಗುರುತು ಹಿಡಿಯಲು ಅದರ ಅರ್ಧ ಸಾಕು. ಲೆಕ್ಕ ಹಾಕಿದರೆ ಈ ಕ್ಯಾಮೆರಾ ಹೊಸಬರ ಮುಖವನ್ನು ಹತ್ತು ಅಡಿಯವರೆಗೆ, ಗೊತ್ತಿರುವವರನ್ನು ಇಪ್ಪತ್ತು ಅಡಿಯವರೆಗೆ ಸ್ಪಷ್ಟವಾಗಿ ತೋರಿಸುತ್ತದೆ. ಗೇಟು ಮೂವತ್ತು ಅಡಿ ದೂರವಿದ್ದರೆ? ಅಲ್ಲಿ ನಿಂತವರ ಮುಖದ ಅಗಲಕ್ಕೆ ಸಿಗುವುದು ಹದಿಮೂರೇ ಚುಕ್ಕೆ. ಹದಿಮೂರು ಚುಕ್ಕಿಯ ರಂಗೋಲಿಯಲ್ಲಿ ಒಬ್ಬರ ಮುಖ ಬಿಡಿಸಿ, ಇವರು ಯಾರೆಂದು ಹೇಳಿ ಎಂದರೆ ಹೇಗಾಗುತ್ತದೋ ಹಾಗೆ. ಗೇಟೇ ಮುಖ್ಯವೆನಿಸಿದರೆ ಅದಕ್ಕೆ ತುಸು ಹತ್ತಿರದಲ್ಲಿ 6 ಮಿಲಿಮೀಟರ್ ಲೆನ್ಸಿನ ಇನ್ನೊಂದು ಕ್ಯಾಮೆರಾ ಹಾಕಿಸಿ. ಅದು ನೋಡುವ ಅಗಲ ಕಡಿಮೆ, ಆದರೆ ಇಪ್ಪತ್ತೈದು ಅಡಿ ದೂರದ ಮುಖವನ್ನೂ ಹಿಡಿಯುತ್ತದೆ. ಇದೆಲ್ಲ ಹಗಲಿನ ಲೆಕ್ಕ. ರಾತ್ರಿ ಈ ದೂರ ಇನ್ನಷ್ಟು ಕಡಿಮೆಯಾಗುತ್ತದೆ.

ರಾತ್ರಿಗೆ ಕ್ಯಾಮೆರಾ ತನ್ನ ಸುತ್ತಲಿನ ಪುಟ್ಟ ದೀಪಗಳಿಂದ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಚೆಲ್ಲಿಕೊಳ್ಳುತ್ತದೆ. ಪಕ್ಕದಲ್ಲೇ ಬಿಳಿ ಗೋಡೆಯಿದ್ದರೆ ಆ ಬೆಳಕು ಅದಕ್ಕೆ ಬಡಿದು ವಾಪಸಾಗಿ ಚಿತ್ರವೆಲ್ಲ ಮಂಜಾಗುತ್ತದೆ. ಕ್ಯಾಮೆರಾದ ಬೆಚ್ಚಗಿನ ಡಬ್ಬಿಗೆ ಹುಳುಗಳು ಬರುತ್ತವೆ, ಹುಳುಗಳ ಹಿಂದೆ ಜೇಡ. ಮೈಸೂರಿನ ಒಂದು ಮನೆಯವರು, ನಡುರಾತ್ರಿ ದಿನಾ ಫೋನಿಗೆ ‘ಮನುಷ್ಯರ ಚಲನೆ’ ಎಂಬ ಎಚ್ಚರಿಕೆ ಬರುತ್ತಿದೆ, ಮಕ್ಕಳು ಹೆದರಿ ನಿದ್ದೆ ಬಿಟ್ಟಿದ್ದಾರೆ ಎಂದು ಕರೆಸಿಕೊಂಡರು. ಏಣಿ ಹತ್ತಿ ನೋಡಿದರೆ ಲೆನ್ಸಿನ ಮುಂದೆ ಒಂದೇ ಒಂದು ಎಳೆ. ಗಾಳಿಗೆ ಅದು ತೂಗಿದಾಗಲೆಲ್ಲ ಪರದೆಯ ಮೇಲೆ ತೋಳಿನಷ್ಟು ದಪ್ಪದ ಬಿಳಿ ಪಟ್ಟೆ ಆ ಕಡೆಯಿಂದ ಈ ಕಡೆ ಹೋಗುತ್ತಿತ್ತು. ದೊಡ್ಡ ಮಗನನ್ನು ಏಣಿಯ ಬಳಿ ಕರೆದು ತೋರಿಸಿದೆ. ಅವನೇ ಬಟ್ಟೆ ಇಸಿದುಕೊಂಡು ಒರೆಸಿದ. ಬಾಗಿಲ ಮೇಲೊಂದು ಸಣ್ಣ ಎಲ್‌ಇಡಿ ದೀಪ ರಾತ್ರಿಯಿಡೀ ಉರಿದರೆ ಕ್ಯಾಮೆರಾಕ್ಕೂ ಒಳ್ಳೆಯದು, ಮನೆಗೂ ಒಳ್ಳೆಯದು.

ಬಾಡಿಗೆ ಮನೆಯವರಿಗೆ ವೈಫೈ ಕ್ಯಾಮೆರಾ ಸಾಕು, ಮನೆ ಬದಲಿಸುವಾಗ ಬಿಚ್ಚಿಕೊಂಡು ಹೋಗಬಹುದು. ಕ್ಯಾಮೆರಾ ಬರುವ ಜಾಗದಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಸರಾಗವಾಗಿ ಓಡುತ್ತದೆಯೇ ನೋಡಿ. ನಡುವೆ ಎರಡು ಗೋಡೆಯಿದ್ದರೆ ಅನುಮಾನವೇ. ಸ್ವಂತ ಮನೆಯಾದರೆ ನನ್ನ ಸಲಹೆ ವೈರಿನದು. ಎನ್‌ವಿಆರ್ ಎಂಬ ರೆಕಾರ್ಡರ್ ಇರುವ ವ್ಯವಸ್ಥೆಯಲ್ಲಿ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ 100 ಮೀಟರಿನವರೆಗೆ ಹೋಗುತ್ತವೆ. ಮನೆ ಕಟ್ಟುತ್ತಿದ್ದರೆ ಪ್ಲಾಸ್ಟರ್ ಆಗುವ ಮುಂಚೆಯೇ ಪೈಪ್ ಹಾಕಿಸಿ. ರೆಕಾರ್ಡರನ್ನೂ ರೌಟರನ್ನೂ ಯುಪಿಎಸ್‌ಗೆ ಜೋಡಿಸಿ, ಕರೆಂಟು ಹೋದರೂ ಕ್ಯಾಮೆರಾ ಕಣ್ಣು ಮುಚ್ಚುವುದಿಲ್ಲ. ರೆಕಾರ್ಡರ್ ಟಿವಿ ಪಕ್ಕ ಬೇಡ, ಬೀಗವಿರುವ ಕಪಾಟಿನಲ್ಲಿರಲಿ. ಕಳ್ಳರು ಅದನ್ನೇ ಎತ್ತಿಕೊಂಡು ಹೋದರೆ ಮಿಕ್ಕಿದ್ದೆಲ್ಲ ವ್ಯರ್ಥ.

2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ ತುಂಬುತ್ತದೆ. 64 ಜಿಬಿ ಕಾರ್ಡಿಗೆ ಮೂರು ದಿನ. ನಾಲ್ಕು ಕ್ಯಾಮೆರಾಗಳಿದ್ದರೆ 1 ಟಿಬಿ ಹಾರ್ಡ್ ಡಿಸ್ಕಿಗೆ ಹನ್ನೊಂದು ದಿನ. ಆಮೇಲೆ ಹಳೆಯದರ ಮೇಲೆಯೇ ಹೊಸದು ಬರುತ್ತದೆ. ದಸರಾ ರಜೆಗೆ ಹತ್ತು ದಿನ ಊರಿಗೆ ಹೋಗುವವರು ಇದನ್ನು ನೋಡಿಕೊಂಡೇ ಕಾರ್ಡು ಕೊಳ್ಳಿ.

ಮನೆಯೊಳಗಿನ ಕ್ಯಾಮೆರಾದ ಬಗ್ಗೆ ಹೇಳುವಾಗ ನಾನು ತುಸು ಗಟ್ಟಿಯಾಗಿಯೇ ಹೇಳುತ್ತೇನೆ. ತೊಟ್ಟಿಲ ಕೂಸು ಮಲಗಿದೆಯೇ ಎಂದು ನೋಡುವ ಕ್ಯಾಮೆರಾ ಬೇರೆ. ಹನ್ನೊಂದು ವರ್ಷದ ಮಗುವಿನ ಕೋಣೆಯ ಕ್ಯಾಮೆರಾ ಬೇರೆ. ಮಕ್ಕಳು ಬಟ್ಟೆ ಬದಲಿಸುವ, ಮಲಗುವ ಜಾಗದಲ್ಲಿ ಅದು ಬೇಡ. ಹಾಲ್‌ನಲ್ಲಿ ಹಾಕಲೇಬೇಕಾದರೆ ಮಕ್ಕಳಿಗೆ, ಅಜ್ಜಿಗೆ, ಮನೆಕೆಲಸಕ್ಕೆ ಬರುವವರಿಗೆ ಎಲ್ಲಿದೆ, ಯಾರು ನೋಡುತ್ತಾರೆ, ಮಾತೂ ಕೇಳಿಸುತ್ತದೆಯೇ ಎಂದು ಹೇಳಿಯೇ ಹಾಕಿ. ನೀವು ಮನೆಯಲ್ಲಿರುವಾಗ ಅದನ್ನು ಆರಿಸಿ, ಆರಿಸಿದ್ದು ಮಕ್ಕಳಿಗೆ ಕಾಣಲಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ನಿಜವಾಗಿ ಏನೆಂಬುದನ್ನು ಮಗು ಮೊದಲು ತಿಳಿಯುವುದು ಮನೆಯಲ್ಲೇ. ಪಕ್ಕದ ಮನೆಯ ಕಿಟಕಿ, ಬಚ್ಚಲು ನಿಮ್ಮ ಚಿತ್ರದಲ್ಲಿ ಬರುತ್ತಿದ್ದರೆ ಕ್ಯಾಮೆರಾ ತಿರುಗಿಸಿ. ಈಗಿನ ಬಹುತೇಕ ಕ್ಯಾಮೆರಾಗಳಲ್ಲಿ ಅಷ್ಟು ಭಾಗವನ್ನು ಕಪ್ಪು ಮಾಡುವ ಸೌಲಭ್ಯವೂ ಇದೆ.

ಕಾವಲಿಗಿಟ್ಟ ಕ್ಯಾಮೆರಾದ ಒಳಕ್ಕೆ ಹೊರಗಿನವರು ನುಗ್ಗಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡದ್ದು ಬಹಳ ಸರಳ ದಾರಿಯಲ್ಲಿ: ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ನಮ್ಮಲ್ಲಿ ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ್ದು 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿದೆ. ಡಬ್ಬಿಯ ಮೇಲೆ ಬಿಐಎಸ್ ಗುರುತೂ ನೋಂದಣಿ ಸಂಖ್ಯೆಯೂ ಇರಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ. ಬಿಲ್ಲಿಲ್ಲದ ಅಗ್ಗದ ಮಾಲು ಬೇಡ.

ಡಬ್ಬಿಯ ಮೇಲಿಲ್ಲದ ಇನ್ನೊಂದು ಅಪಾಯವನ್ನು ನಾನು ಮನೆಮನೆಯಲ್ಲಿ ನೋಡುತ್ತೇನೆ. ಕ್ಯಾಮೆರಾ ಕೂರಿಸಲು ಬಂದ ಹುಡುಗ ಬೇಗ ಮುಗಿಯಲೆಂದು ತನ್ನ ಫೋನಿನಲ್ಲೇ ಖಾತೆ ತೆರೆದು, ನಿಮಗೆ ಅದನ್ನು ಹಂಚಿ ಹೋಗಿರುತ್ತಾನೆ. ಅವನು ಒಳ್ಳೆಯವನೇ ಇರಬಹುದು, ಆದರೆ ನಿಮ್ಮ ಮಗಳು ಬಾಗಿಲು ತೆರೆಯುವ ದೃಶ್ಯ ಅವನ ಜೇಬಿನಲ್ಲಿ ಇರಬಾರದು. ಖಾತೆ ನಿಮ್ಮ ನಂಬರಿನಲ್ಲೇ ತೆರೆಯಿರಿ, ಪಾಸ್‌ವರ್ಡನ್ನು ನಿಮ್ಮ ಕೈಯಿಂದ ಹಾಕಿ, ಒಟಿಪಿಯಿಲ್ಲದೆ ಹೊಸ ಫೋನಿನಲ್ಲಿ ತೆರೆಯದಂತೆ ಮಾಡಿ. ಆ್ಯಪ್‌ನಲ್ಲಿ ‘ಹಂಚಿಕೊಂಡವರು’ ಎಂಬ ಪಟ್ಟಿ ತೆರೆದರೆ ಯಾರ್ಯಾರಿದ್ದಾರೆಂದು ಕಾಣುತ್ತದೆ, ಇವತ್ತೇ ನೋಡಿ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಒಂದು ಸಂಜೆ ಯಾವುದೋ ವಾಹನ ಗೇಟಿಗೆ ಗುದ್ದಿ ಹೋಗಿತ್ತು. ದೃಶ್ಯ ತೆಗೆಯಲು ಹೋದರೆ ಎರಡು ತಿಂಗಳಿಂದ ಏನೂ ರೆಕಾರ್ಡ್ ಆಗಿರಲಿಲ್ಲ. ಕಾರ್ಡು ಸತ್ತಿತ್ತು. ಫೋನಿನಲ್ಲಿ ನೇರ ಚಿತ್ರ ಮಾತ್ರ ದಿನವೂ ಚೆನ್ನಾಗಿ ಕಾಣುತ್ತಿದ್ದುದರಿಂದ ನಮಗದು ಗೊತ್ತೇ ಆಗಿರಲಿಲ್ಲ. ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಮಗಳು ಮೆತ್ತನೆಯ ಬಟ್ಟೆಯಿಂದ ಲೆನ್ಸ್ ಒರೆಸುತ್ತಾಳೆ, ನಾನು ನಾಲ್ಕು ದಿನದ ಹಿಂದಿನ ದೃಶ್ಯವೊಂದನ್ನು ತೆರೆದು, ಅದರ ಮೂಲೆಯ ದಿನಾಂಕ, ಗಂಟೆ ಸರಿಯಿದೆಯೇ ನೋಡುತ್ತೇನೆ. ಐದು ನಿಮಿಷದ ಕೆಲಸ, ಕಾಫಿ ಆರುವುದರೊಳಗೆ ಮುಗಿಯುತ್ತದೆ.